ಬೀಜಕ್ಕಿಟ್ಟ ಹಣ್ಣು

"ಗುರುಗಳೇ, ನೀವು ಕೊಟ್ಟ ಮಂತ್ರವನ್ನು ಬದಲಿಸಿ ಕೊಡಲು ಆಗುತ್ತದೆಯೇ?" ಎಂದು ಒಬ್ಬ ಬಟ್ಟೆ ವ್ಯಾಪಾರಿ ಕೇಳಿದ. "ಹತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಅಂಗಡಿ ಮುಚ್ಚಿ, ಉಂಡು, ಮನೆಯವರೊಂದಿಗೆ ಮಾತಾಡಿ, ಎಲ್ಲ ಮುಗಿದ ಮೇಲೆ ಜಪಕ್ಕೆ ಕೂರುತ್ತೇನೆ. ಮೊದಮೊದಲು ಮನಸ್ಸು ನಿಲ್ಲುತ್ತಿತ್ತು. ಈಗ ತೂಕಡಿಕೆ ಮಾತ್ರ. ಅದು ನನಗೆ ಹೊಂದುವ ಮಂತ್ರವಲ್ಲವೇನೋ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗೃಹಿಣಿ ಮದುವೆಯಾಗಿ ಬರುವಾಗ ಸೆರಗಿನ ತುದಿಯಲ್ಲಿ ಟೊಮೆಟೊ ಬೀಜ ಕಟ್ಟಿಕೊಂಡು ಬಂದಳು. ಅದು ಅವಳ ತಾಯಿ ಬೆಳೆಸಿದ ತಳಿ. ತಾಯಿ ಈಗ ಇರಲಿಲ್ಲ, ತಳಿ ಮಾತ್ರ ಉಳಿದಿತ್ತು.

ತೆಂಗಿನ ಚಿಪ್ಪಿಗೆ ಮಣ್ಣು ತುಂಬಿ, ಬೀಜ ಉದುರಿಸಿ, ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಸಸಿಗೆ ನಾಲ್ಕು ಎಲೆ ಬಂದಾಗ ಕುಂಡಕ್ಕೆ ಬದಲಿಸಿದಳು. ಗಿಡ ಬಾಗುವಷ್ಟು ಹಣ್ಣು ಬಿಟ್ಟಿತು. ಮೊದಲ ಕೊಯ್ಲು ಮನೆಯ ಸಾರಿಗೆ ಹೋಯಿತು. ಎರಡನೆಯದು ನೆಂಟರಿಗೆ, ನೆರೆಯವರಿಗೆ. ಕೊನೆಗೆ ಒಣಗುತ್ತಿದ್ದ ಗಿಡದಲ್ಲಿ, ಯಾರೂ ತಿನ್ನದ ನಾಲ್ಕು ಮುರುಟು ಹಣ್ಣು ಉಳಿದವು. ಅವನ್ನು ಹಿಂಡಿ, ಬೀಜಕ್ಕೆ ಬೂದಿ ಸವರಿ, ಒಣಗಿಸಿಟ್ಟಳು. ಪ್ರತಿವರ್ಷವೂ ಹೀಗೇ ಮಾಡಿದಳು.

ವರ್ಷದಿಂದ ವರ್ಷಕ್ಕೆ ಹಣ್ಣು ಸಣ್ಣದಾಯಿತು. ಮಣ್ಣು ಬದಲಿಸಿದಳು. ಚಿಪ್ಪು ಇಡುವ ಕಿಟಕಿ ಬದಲಿಸಿದಳು. ದೃಷ್ಟಿ ತಾಗಿದೆಯೆಂದು ಮೆಣಸಿನಕಾಯಿ ಕಟ್ಟಿದಳು. ಆರನೆಯ ವರ್ಷ ಚಿಪ್ಪಿನಲ್ಲಿ ಒಂದು ಬೀಜವೂ ಮೊಳೆಯಲಿಲ್ಲ. ತಾಯಿಯ ತಳಿ ತನ್ನ ಕೈಯಲ್ಲೇ ಹೋಯಿತಲ್ಲ ಎಂದು ಅತ್ತಳು.

ಸಂಕಟ ಹೇಳಿಕೊಳ್ಳಲು ಪಕ್ಕದ ಮನೆಗೆ ಹೋದರೆ, ಅಲ್ಲಿ ಹಣ್ಣಿನ ಭಾರ ತಾಳದೆ ಗಿಡಕ್ಕೆ ಕೋಲು ಕೊಟ್ಟಿದ್ದರು.

"ಯಾವ ಅಂಗಡಿಯ ಬೀಜ ಕಣೇ ಇದು?" ಎಂದು ಕೇಳಿದಳು.

ನೆರೆಯವಳು ನಕ್ಕಳು. "ಅಂಗಡಿಯದಂತೆ! ನೀನೇ ತಟ್ಟೆ ತುಂಬ ತಂದುಕೊಟ್ಟಿರಲಿಲ್ಲವೇನೇ ಮಾರಾಯ್ತಿ, ಆವತ್ತು? ಅದರದೇ. ಇದ್ದುದರಲ್ಲಿ ದಪ್ಪನೆಯ ಎರಡನ್ನ ಮಕ್ಕಳು ಅತ್ತರೂ ಕೊಡದೆ ಬೀಜಕ್ಕಿಟ್ಟೆ. ನೀನು ಎಂಥ ಹಣ್ಣು ಇಡ್ತೀಯ?"

"ಒಳ್ಳೇ ಹಣ್ಣನ್ನ ಯಾರಾದರೂ ಬೀಜಕ್ಕೆ ಅಂತ ಹಾಳು ಮಾಡ್ತಾರಾ?"

ನೆರೆಯವಳು ಗಿಡದಿಂದ ಎರಡು ಮಾಗಿದ ಹಣ್ಣು ಕಿತ್ತು ಅವಳ ಕೈಗಿಟ್ಟಳು. "ಬೀಜಕ್ಕೆ. ತಿಳಿಯಿತಾ?" ಅಂದಳು.

ಅವಳು ಎರಡನ್ನೂ ಕಣ್ಣಿಗೊತ್ತಿಕೊಂಡು ಮನೆಗೆ ಬಂದಳು. ಆ ಹೊತ್ತಿಗೆ ಗಂಡನ ಕಡೆಯ ನೆಂಟರು ಬಂದು ಕೂತಿದ್ದರು. ಮನೆಯಲ್ಲಿ ಬೇರೆ ಹಣ್ಣಿರಲಿಲ್ಲ. ಸಾರು ಬಹಳ ಚೆನ್ನಾಗಿತ್ತೆಂದು ಎಲ್ಲರೂ ಹೊಗಳಿದರು.

ವ್ಯಾಪಾರಿ ತೊಡೆ ತಟ್ಟಿ ನಕ್ಕ. "ಎಂಥ ಪೆದ್ದಿ! ಕಳೆದುಹೋದದ್ದು ಕೈಗೆ ಬಂದಿತ್ತಲ್ಲ, ಒಂದು ದಿನ ನೆಂಟರು ಬರೀ ಮಜ್ಜಿಗೆಯಲ್ಲಿ ಉಂಡಿದ್ದರೆ ಏನಾಗುತ್ತಿತ್ತು?" ಆಮೇಲೆ ತಾನು ಬಂದ ಕೆಲಸ ನೆನಪಾಗಿ ಕೈಮುಗಿದ. "ಇರಲಿ, ನನ್ನ ಹೊಸ ಮಂತ್ರ?"

ಗುರುಗಳು ಹೇಳಿದರು: "ಕೊಡುತ್ತೇನೆ, ದೀಪಾವಳಿಯ ಹಿಂದಿನ ದಿನ, ನಿನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿಗೆ ಬಾ."