ಕಾವಿ ವಲ್ಲಿಯ ಕೆಳಗೆ

ಒಂದು ಹೊಳೆ. ಈ ದಡಕ್ಕೆ ಕೆಂಚನಾಯಕ ಪಾಳೇಗಾರ, ಆ ದಡಕ್ಕೆ ಮಲ್ಲರಸ. ಇವನು ಐದು ಫಿರಂಗಿ ತಂದು ಆ ಕಡೆಗೆ ಬಾಯಿ ಮಾಡಿ ನಿಲ್ಲಿಸಿದ. ಅವನೇನು ಕಮ್ಮಿ? ಅವನೂ ಐದು ತಂದು ಈ ಕಡೆಗೆ ತಿರುಗಿಸಿದ. ಜಗಳಕ್ಕೆ ಇನ್ನೇನು ಬೇಕು ಹೇಳಿ.

ಹೊಳೆಯಂಚಿನ ಆಶ್ರಮದಲ್ಲಿ ಶಿಷ್ಯ ಬೊಮ್ಮಯ್ಯ ಮುದ್ದೆಯ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದ. ಅವನ ಅಣ್ಣ ಮುದ್ದೀರ ಕೆಂಚನಾಯಕನ ದಂಡಿನ ಮುಂದಿನ ಸಾಲಿನಲ್ಲೇ ನಿಂತಿದ್ದ.

“ಗುರುಗಳೇ, ನಾಳೆ ಫಿರಂಗಿ ಬತ್ತಿಗೆ ಬೆಂಕಿ ಇಡ್ತಾರಂತೆ. ಏನಾದ್ರೂ ಮಾಡಿ.”

ಗುರುಗಳು ಹೆಗಲ ಮೇಲಿನ ಕಾವಿ ವಲ್ಲಿ ಕೊಡವಿದರು. “ದನದ ಸಂತೇಲಿ ಎತ್ತಿನ ಬೆಲೆ ಹೇಗೆ ಕುದುರಿಸ್ತಾರೋ?”

“ಕೈ ಮೇಲೆ ವಲ್ಲಿ ಮುಚ್ಚಿ, ಅದರಡಿ ಬೆರಳು ಹಿಡಿದು. ಎಷ್ಟು ಬೆರಳೋ ಅಷ್ಟು ಲೆಕ್ಕ.”

“ಮುಚ್ಚೋದ್ಯಾಕೆ?”

“ನಾಲ್ಕು ಜನ ನೋಡ್ತಿದ್ರೆ ಯಾರು ಇಳಿದಾರು? ಮಾನ ಹೋಗುತ್ತಲ್ಲ!”

“ಹಂಗಾದ್ರೆ ನಡಿ.”

ಹೊಳೆ ನಡುವಿನ ಮರಳದಿಬ್ಬಕ್ಕೆ ಗುರುಗಳು ಇಬ್ಬರು ಪಾಳೇಗಾರರನ್ನೂ ಕರೆಸಿ ಎದುರುಬದುರು ಕೂರಿಸಿದರು. ಇಬ್ಬರ ಬಲಗೈ ಸೇರಿಸಿ ಮೇಲೆ ವಲ್ಲಿ ಹೊದಿಸಿ, ತಮ್ಮದೂ ಒಂದು ಕೈ ಅದರಡಿ ಇಟ್ಟರು. ಎರಡು ದಡದಲ್ಲೂ ದಂಡು ಕತ್ತು ಉದ್ದ ಮಾಡಿ ನೋಡುತ್ತಿತ್ತು.

“ಒಂದು ಫಿರಂಗೀನೂ ಹಿಂದಕ್ಕೆ ಎಳೆಯೋನಲ್ಲ ನಾನು, ಲೇ ಮಲ್ಲ!” ಕೆಂಚನಾಯಕ ಗುಡುಗಿದ.

ವಲ್ಲಿಯ ಕೆಳಗೆ ಏನೋ ಮಿಸುಕಿತು.

“ನಿನ್ನ ಮೀಸೆಯಿಂದ ಹಗ್ಗ ಹೊಸೆದು ನನ್ನ ಕುದುರೆ ಕಟ್ಟಿಸ್ತೀನಿ ಕಣೋ, ಕೆಂಚ!” ಮಲ್ಲರಸ ಅರಚಿದ.

ವಲ್ಲಿ ಮತ್ತೆ ಮಿಸುಕಿತು.

ಬೊಮ್ಮಯ್ಯನಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಅಂಚು ಎತ್ತಲು ಹೋದ. ಗುರುಗಳ ಬೆತ್ತ ಕೈ ಮೇಲೆ ಬಿತ್ತು.

“ನೀನು ವಲ್ಲಿ ಎತ್ತಿದ್ರೆ, ಅಲ್ಲಿ ನಿಮ್ಮಣ್ಣನ ತಲೆ ಹಾರುತ್ತೆ.”

ಬಿಸಿಲು ನೆತ್ತಿಗೆ ಬರೋವರೆಗೂ ಬೈದಾಡಿ, ಇಬ್ಬರೂ ಮರಳಿಗೆ ಥೂ ಅಂತ ಉಗಿದು ಎದ್ದು ಹೋದರು.

ಬೊಮ್ಮಯ್ಯ ಗೊಳೋ ಅಂದ. “ಕೆಟ್ಟಿತಲ್ಲ ಗುರುಗಳೇ!”

“ಕುದುರಿತು. ಅವನು ಐದೂ ಹಿಂದಕ್ಕೆ ಎಳೀತಾನೆ, ಇವನೂ ಐದು ಎಳೀತಾನೆ. ಆಚೆಯವನೇ ಹೆದರಿ ಓಡಿದ ಅಂತ ಇಬ್ಬರೂ ಊರಲ್ಲಿ ಡಂಗುರ ಹೊಡೆಸ್ತಾರೆ.”

ಬೆಳಗಾದರೆ ಎರಡು ದಡವೂ ಖಾಲಿ. ಎರಡು ಊರಲ್ಲೂ ಜಯಭೇರಿ.

ಮುದ್ದೀರ ನೆಟ್ಟಗೆ ಆಶ್ರಮಕ್ಕೆ ಬಂದು ಊಟಕ್ಕೆ ಕೂತ. “ತಮ್ಮಾ, ನಮ್ಮ ದೊರೆ ಮೀಸೆಗೆ ಕೈ ಹಾಕಿದ್ದೇ ತಡ, ಆ ಮಲ್ಲ ಪಂಚೆ ಉದುರಿಸಿಕೊಂಡು ಓಡಿದ!”

ಬೊಮ್ಮಯ್ಯ ತಟ್ಟೆ ಹಿಡಿದು ದಡದಡ ಅಡುಗೆಮನೆಗೆ ಬಂದ. “ಬರೀ ಸುಳ್ಳು! ಗುರುಗಳೇ, ನಿಜ ಹೇಳಿಬಿಡ್ಲಾ?”

ಗುರುಗಳು ಹಬೆಯಾಡುವ ಮುದ್ದೆ ಕಟ್ಟಿ ಅವನ ಕೈಯ ತಟ್ಟೆಗೆ ಹಾಕಿದರು.

“ನಿಜ ಹಳಸಲ್ಲ ಕಣೋ. ಮುದ್ದೆ ಆರಿಹೋಗುತ್ತೆ, ಮೊದಲು ನಿಮ್ಮಣ್ಣನಿಗೆ ಇಕ್ಕು ಹೋಗು.”