ಕಬ್ಬಿನ ದ್ವೀಪದ ಮೂವರು ತಾಯಂದಿರು

ಬಾ ಕೂಸೇ, ಈ ಕಡೆ ಒರಗು. ನನಗೂ ಇವತ್ತು ಮೈಯೆಲ್ಲ ಹಣ್ಣಾಗಿದೆ, ಸಣ್ಣ ದನಿಯಲ್ಲೇ ಹೇಳ್ತೀನಿ, ಕೇಳಿಸ್ಕೋ.

ಒಂದಾನೊಂದು ಕಾಲ, ಹಾಯಿ ಹಡಗು ಓಡಾಡ್ತಿದ್ದ ಕಾಲ. ಆಗ ಸಮುದ್ರದ ನಡುಮಧ್ಯೆ ಒಂದು ದ್ವೀಪ ಇತ್ತಂತೆ. ವರ್ಷವಿಡೀ ಸೆಕೆ, ಮಧ್ಯಾಹ್ನಕ್ಕೊಂದು ಮಳೆ, ಮರದ ತುಂಬ ಹಕ್ಕಿ. ಮನುಷ್ಯರು ಅಂತ ಒಬ್ಬರೂ ಇರಲಿಲ್ಲವಂತೆ. ಆಮೇಲೆ ಒಬ್ಬ ದೊರೆ ಬಂದು, ಕಾಡು ಕಡಿಸಿ, ಕಣ್ಣು ಹಾಯೋವರೆಗೂ ಕಬ್ಬು ಹಾಕಿಸಿದನಂತೆ. ಕಬ್ಬು ಬೆಳೀತು, ಕಡಿಯೋಕೆ ಕೈ ಬೇಕಲ್ಲ, ಅದಕ್ಕೆ ಮೂರು ಕಡೆಗೆ ಹಡಗು ಕಳಿಸಿದನಂತೆ. ಒಂದು ಹಡಗು ಆಫ್ರಿಕಾಕ್ಕೆ ಹೋಗಿ ಜನರನ್ನ ಸರಪಳಿ ಹಾಕಿ ತಂತು. ಒಂದು ನಮ್ಮ ಕಡಲ ದಂಡೆಗೆ ಬಂದು, ಅಲ್ಲಿ ಹೊತ್ತು ಹೊತ್ತಿಗೆ ಅನ್ನ ಬೆಲ್ಲ ಅಂತ ಆಸೆ ತೋರಿಸಿ ಹತ್ತಿಸಿಕೊಂಡು ಹೋಯ್ತು. ಇನ್ನೊಂದು ಚೀನಾಕ್ಕೆ ಹೋಗಿ, ಅಲ್ಲೇನು ಸುಳ್ಳು ಹೇಳಿತೋ, ಅಲ್ಲಿಂದಲೂ ಜನ ಬಂದರು.

ಹೀಗೆ ಬಂದವರಲ್ಲಿ ಮೂವರು ಹೆಂಗಸರು, ಮೂವರಿಗೂ ಎಳೆಗೂಸು. ಒಂದೇ ಸಾಲುಮನೆಯಲ್ಲಿ ಅಕ್ಕಪಕ್ಕ ಮೂರು ಬಾಗಿಲು. ನಮ್ಮ ಕಡೆಯವಳು ದುಗ್ಗಮ್ಮ, ಆಫ್ರಿಕಾದವಳು ಜವಾದಿ, ಚೀನಾದವಳು ಲಿನ್. ನಾವು ಲಿನ್ನಮ್ಮ ಅನ್ನೋಣ. ಬೆಳಕು ಹರಿಯೋ ಮುಂಚೆ ಕತ್ತಿ ಹಿಡಿದು ಹೋದರೆ ಸೂರ್ಯ ಮುಳುಗಿದ ಮೇಲೆ ವಾಪಸು. ಕಬ್ಬಿನ ಗರಿ ಕೊಯ್ದು ಕೈಯೆಲ್ಲ ಗಾಯ. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳೀತಿರಲಿಲ್ಲ. ದುಗ್ಗಮ್ಮ ಅಂತೂ ಅವರಿಬ್ಬರು ಮುಟ್ಟಿದ ಕೊಡದ ನೀರನ್ನೂ ಕುಡೀತಿರಲಿಲ್ಲವಂತೆ. ಅವರಿಗೂ ಇವಳನ್ನ ಕಂಡರೆ ಆಗದು. ಆದರೆ ಜಗಳ ಆಡೋಕೂ ತ್ರಾಣ ಇಲ್ಲ, ಬಂದವರೇ ಬಾಗಿಲು ಹಾಕ್ಕೊಂಡು ಬಿದ್ದುಕೊಳ್ಳೋರು.

ಮಕ್ಕಳು? ಮಕ್ಕಳನ್ನ ದಿನವೆಲ್ಲ ಬಾದಾಮಿ ಮರದ ಕೆಳಗೆ ಬಿಟ್ಟು ಹೋಗೋರು. ಅವು ಒಂದರ ಮೇಲೊಂದು ಉರುಳಾಡ್ತಾ ಬೆಳೆದವು. ಆಮೇಲೆ ಒಂದು ಸಂಜೆ ದುಗ್ಗಮ್ಮನ ಮಗಳು ಸಣ್ಣಿ ಬಂದು, ಅವ್ವಾ, ನೀಮಾಶೆ ಕೊಡು ಅಂದಳಂತೆ. ಹಾಗಂದ್ರೆ ಏನೇ ಅಂದ್ರೆ, ಕೊಡ ತೋರಿಸ್ತಾಳೆ. ನೀರು ಅನ್ನೋದರಲ್ಲಿ ಒಂದು ಚೂರು, ಜವಾದಿಯ ಮಾತಿಂದ ಒಂದು ಚೂರು, ಲಿನ್ನಮ್ಮನ ಮಾತಿಂದ ಒಂದು ಚೂರು, ಮೂರೂ ಸೇರಿಸಿ ಮಕ್ಕಳು ನೀಮಾಶೆ ಮಾಡಿಕೊಂಡಿದ್ದವು. ನಗಬೇಡ. ದುಗ್ಗಮ್ಮ ಅವತ್ತು ಅತ್ತುಬಿಟ್ಟಳಂತೆ. ಊರು ಹೋಯ್ತು, ಕೇರಿ ಹೋಯ್ತು, ಈಗ ಮಗಳ ಬಾಯಲ್ಲಿ ನನ್ನ ಮಾತೂ ಇಲ್ಲವಲ್ಲ ಅಂತ. ಪಕ್ಕದ ಎರಡು ಮನೆಯಲ್ಲೂ ಅದೇ ಅಳು. ಮಾರನೇ ದಿನದಿಂದ ಮೂವರೂ ಮಕ್ಕಳನ್ನ ಒಳಗೆ ಕೂಡಿಹಾಕಿ ಕೆಲಸಕ್ಕೆ ಹೋದರಂತೆ.

ಆಮೇಲೆ ಜ್ವರದ ಕಾಲ ಬಂತು. ದುಗ್ಗಮ್ಮನಿಗೆ ಸುಡೋ ಜ್ವರ, ಏಳೋಕಾಗದೆ ಚಾಪೆ ಮೇಲೆ ಬಿದ್ದಿದ್ದಾಳೆ, ಕೊಡ ಬರಿದಾಗಿದೆ. ಸಣ್ಣಿ ಹೊರಗೆ ಓಡಿ, ಹೊತ್ತು ಮುಳುಗಿ ಆಗಷ್ಟೇ ಕೆಲಸದಿಂದ ಬಂದಿದ್ದ ಜವಾದಿ, ಲಿನ್ನಮ್ಮನ ಮುಂದೆ ನಿಂತು, ನೀಮಾಶೆ, ಅವ್ವನಿಗೆ ನೀಮಾಶೆ ಅಂತ ಅತ್ತಳಂತೆ. ಅವರ ಮಕ್ಕಳೂ ಅದೇ ಮಾತು ಹೇಳ್ತಿದ್ದವಲ್ಲ, ಇಬ್ಬರಿಗೂ ತಿಳೀತು. ಲಿನ್ನಮ್ಮ ಒಳಗೆ ಬಂದು ದುಗ್ಗಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಜವಾದಿ ಅವಳ ತಲೆಯನ್ನ ತೊಡೆ ಮೇಲೆ ಇಟ್ಟುಕೊಂಡು ತನ್ನ ಚೊಂಬಿಂದಲೇ ಬಾಯಿಗೆ ನೀರು ಬಿಟ್ಟಳು. ದುಗ್ಗಮ್ಮ ಕಣ್ಣುಬಿಟ್ಟು ಯಾರು ಕುಡಿಸ್ತಿದ್ದಾರೆ ಅಂತ ನೋಡಿದಳು. ನೋಡಿದ ಮೇಲೂ, ಇನ್ನೂ ಸ್ವಲ್ಪ ನೀಮಾಶೆ ಅಂದಳಂತೆ.

ಅಲ್ಲಿಂದ ಮಕ್ಕಳ ಮಾತನ್ನ ತಾಯಂದಿರೂ ಕಲಿತರು, ಆಮೇಲೆ ಸಾಲುಮನೆಯವರೆಲ್ಲ ಕಲಿತರು.

ಜ್ವರ ಬಿಡ್ತು, ಆದರೆ ದುಗ್ಗಮ್ಮನ ಕೈಗೆ ಮೊದಲಿನ ಬಲ ಬರಲಿಲ್ಲ. ದೊರೆ ನೋಡಿದ. ಇವಳಿಂದ ಇನ್ನು ಕೆಲಸ ಆಗಲ್ಲ, ಹಡಗು ಹತ್ತಿಸಿ ಬೇರೆ ದ್ವೀಪಕ್ಕೆ ಸಾಗಹಾಕಿ, ಮಗಳು ಇರಲಿ, ದೊಡ್ಡವಳಾದರೆ ಕಬ್ಬು ಕಡೀತಾಳೆ ಅಂದನಂತೆ.

ಇಲ್ಲ ಕೂಸೇ, ಹೋಗಲಿಲ್ಲ. ಕೇಳು.

ಜನ ಗುಸುಗುಸು ಅಂದಿದ್ದು ದೊರೆಗೆ ತಿಳಿದು, ನಮ್ಮವರನ್ನ ಕರೆದು, ಅವಳನ್ನ ಕಳಿಸು ಅಂದಿದ್ದೇ ಆಫ್ರಿಕಾದವರು ಅಂದನಂತೆ. ಆಫ್ರಿಕಾದವರನ್ನ ಕರೆದು, ಚೀನಾದವರು ನಿಮ್ಮ ಮನೆ ಕೇಳ್ತಿದ್ದಾರೆ ಅಂದ. ಚೀನಾದವರನ್ನ ಕರೆದು, ನಿಮ್ಮ ಅಕ್ಕಿ ಮೇಲೆ ಅವರಿಬ್ಬರ ಕಣ್ಣಿದೆ ಅಂದ. ಮುಂಚೆ ಎಲ್ಲ ಇಂಥ ಮಾತು ಸಾಕಾಗ್ತಿತ್ತು, ಅವರವರೇ ಬಡಿದಾಡಿ ಸುಮ್ಮನಾಗೋರು. ಈಗ ಸಂಜೆ ಎಲ್ಲರೂ ಬಾದಾಮಿ ಮರದ ಕೆಳಗೆ ಕೂತು, ನೀವು ಹಾಗಂದಿರಾ, ನೀವು ಹೀಗಂದಿರಾ ಅಂತ ಮಕ್ಕಳ ಮಾತಲ್ಲೇ ಕೇಳಿಕೊಂಡರು. ಯಾರೂ ಏನೂ ಅಂದಿರಲಿಲ್ಲ.

ಬೆಳಗ್ಗೆ ಯಾರೂ ಕತ್ತಿ ಮುಟ್ಟಲಿಲ್ಲವಂತೆ. ದುಗ್ಗಮ್ಮನನ್ನ ನಡುವೆ ಕೂರಿಸಿಕೊಂಡು ಸುತ್ತ ಸುಮ್ಮನೆ ಕೂತರು. ದೊರೆ ಹೆದರಿಸಿದ, ಬೈದ, ಊಟ ನಿಲ್ಲಿಸಿದ. ಹಸಿವು ಅವರಿಗೆ ಹೊಸದೇನಲ್ಲ. ಇತ್ತ ಆಲೆಮನೆ ಮುಂದೆ ಕಡಿದಿಟ್ಟ ಕಬ್ಬಿಂದ ಹುಳಿ ವಾಸನೆ ಬರೋಕೆ ಶುರುವಾಯ್ತು. ಕೊನೆಗೆ ದೊರೆಯೇ ಬಿಸಿಲಲ್ಲಿ ನಡೆದು ಬಂದು, ಏನು ಬೇಕು ನಿಮಗೆ ಅಂತ ಕೇಳಿದನಂತೆ.

ಜವಾದಿ ಎದ್ದಳು. ದುಗ್ಗಮ್ಮ ಇಲ್ಲೇ ಇರ್ತಾಳೆ, ಮಕ್ಕಳನ್ನ ನೋಡಿಕೊಳ್ತಾಳೆ ಅಂದಳು. ದೊರೆ ಆಗಲಿ ಅಂದ. ಇನ್ನೇನು ಅಂತ ಕೇಳಿದ. ಜವಾದಿ ಲಿನ್ನಮ್ಮನ ಮುಖ ನೋಡಿದಳು, ಲಿನ್ನಮ್ಮ ಬೇರೆಯವರ ಮುಖ ನೋಡಿದಳು. ಬಂಗಾರ ಕೇಳಲಿಲ್ಲ, ಊರಿಗೆ ಕಳಿಸು ಅಂತಲೂ ಕೇಳಲಿಲ್ಲ, ಊರಲ್ಲಿ ಯಾರು ಉಳಿದಿದ್ದರು ಹೇಳು. ವಾರಕ್ಕೊಂದು ದಿನ ನಮ್ಮನ್ನ ಯಾರೂ ಎಬ್ಬಿಸಬಾರದು ಅಂದಳಂತೆ ಜವಾದಿ.

ದೊರೆ ಹುಳಿಬಂದ ಕಬ್ಬಿನ ಕಡೆ ನೋಡಿ, ಆಗಲಿ ಅಂದ.

ಆಮೇಲೆ ಆ ದ್ವೀಪದಲ್ಲಿ ಮೂರು ಥರದ ಅಡುಗೆ, ಮೂರು ಥರದ ಹಬ್ಬ, ಮಾತು ಮಾತ್ರ ಒಂದೇ ಆಯ್ತಂತೆ. ಸಣ್ಣಿ ಲಿನ್ನಮ್ಮನ ಮಗನನ್ನ ಮದುವೆಯಾದಳಂತೆ, ಜವಾದಿ ಡೋಲು ಬಾರಿಸಿದಳಂತೆ. ಅದೆಲ್ಲ ಆಮೇಲಿನ ಮಾತು. ಯಾರೂ ಎಬ್ಬಿಸದ ಆ ಮೊದಲನೇ ದಿನ ಮಾತ್ರ ಹಬ್ಬ ಯಾರೂ ಮಾಡಲಿಲ್ಲ. ಬಿಸಿಲು ಒಳಗೆ ಬಂತು, ಮಕ್ಕಳು ಎದ್ದು ಆಡೋಕೆ ಹೋದವು. ದುಗ್ಗಮ್ಮ, ಜವಾದಿ, ಲಿನ್ನಮ್ಮ ಮೂವರೂ ಬಾಗಿಲು ಹಾರುಹೊಡೆದು, ಒಂದೇ ಜಗುಲಿ ಮೇಲೆ ಸಾಲಾಗಿ ಮಲಗೇ ಇದ್ದರಂತೆ. ಅಷ್ಟು ವರ್ಷದ ನಿದ್ದೆ ಬಾಕಿ ಇತ್ತಲ್ಲ.

ಅವರೂ ಮಲಗಿದರು, ನನ್ನ ಕತೆಯೂ ಅಲ್ಲಿಗೆ ಮುಗೀತು. ಕಣ್ಣು ಮುಚ್ಚು ಕೂಸೇ, ನಾಳೆ ನಿನ್ನನ್ನ ಯಾರೂ ಎಬ್ಬಿಸಲ್ಲ.