ಕಾವಲುಗಾರನ ಒದ್ದೆ ಕಂಬಳಿ

“ಗುರುಗಳೇ, ಕೆಲಸ ಕೇಳಲು ಹೋದವನನ್ನು ‘ನೀನು ಎದುರಿಸಿ ಗೆದ್ದ ಕಷ್ಟ ಯಾವುದು’ ಎಂದು ಕೇಳಿದರೆ, ಅಂಥ ಕಷ್ಟವೇ ಬಾರದವನು ಏನು ಹೇಳಬೇಕು?”

ಹೀಗೆ ಕೇಳಿದವನು ಚನ್ನವೀರ, ಮಠದ ಉಗ್ರಾಣವನ್ನು ಹಲವು ವರ್ಷ ನೋಡಿಕೊಂಡ ಶಿಷ್ಯ. ಅವನಿಗೆ ಮದುವೆ ಗೊತ್ತಾಗಿತ್ತು. ಪಟ್ಟಣದ ಒಬ್ಬ ಸಾಹುಕಾರರಲ್ಲಿ ಉಗ್ರಾಣದ ಕೆಲಸ ಕೇಳಲು ಮರುದಿನ ಹೊರಡುವವನಿದ್ದ. ಅವರು ಬಂದವರನ್ನೆಲ್ಲ ಇದೊಂದನ್ನು ಕೇಳಿಯೇ ಕೇಳುತ್ತಾರೆಂದು ಯಾರೋ ಹೇಳಿದ್ದರು. ಚನ್ನವೀರನ ಕಾಲದಲ್ಲಿ ಮಠದ ಒಂದು ಮೂಟೆಯೂ ಕೆಟ್ಟಿರಲಿಲ್ಲ. ಆದ್ದರಿಂದ ಹೇಳಿಕೊಳ್ಳಲು ಅವನ ಬಳಿ ಏನೂ ಇರಲಿಲ್ಲ. ಸಣ್ಣದೊಂದು ಕತೆ ಕಟ್ಟಿಕೊಂಡು ಹೋದರೆ ತಪ್ಪಾಗುವುದೇ ಎಂದೂ ಕೇಳಿದ.

ಗುರುಗಳು ಅವನನ್ನು ಕೂರಿಸಿ ಹೇಳತೊಡಗಿದರು.

ಒಬ್ಬ ಹತ್ತಿ ವ್ಯಾಪಾರಿಗೆ ಮಳಿಗೆ ಕಾಯಲು ಆಳು ಬೇಕಾಗಿತ್ತು. ಇಬ್ಬರು ಬಂದರು. ಹಿಂದಿನ ಕೆಲಸದಲ್ಲಿ ಬಂದ ಕಷ್ಟವನ್ನು ಹೇಗೆ ಗೆದ್ದಿರಿ ಎಂದು ವ್ಯಾಪಾರಿ ಇಬ್ಬರನ್ನೂ ಕೇಳಿದ. ಮೊದಲನೆಯವನು ತಾನು ಕಾದ ಮಳಿಗೆಯಲ್ಲಿ ಅಂಥದ್ದೇನೂ ಆಗಲಿಲ್ಲ ಎಂದ. ಅಂಗಳದ ಕಸವನ್ನು ಒಣಗಲು ಬಿಡದೆ ಹೊರಗೆ ಹಾಕಿಸುತ್ತಿದ್ದೆ, ಬೀಡಿ ಸೇದುವವರನ್ನು ಬಾಗಿಲ ಬಳಿ ನಿಲ್ಲಗೊಡುತ್ತಿರಲಿಲ್ಲ, ಅಷ್ಟೇ ಎಂದ. ವ್ಯಾಪಾರಿಗೆ ಅನುಮಾನ ಬಂತು. ಇವನು ಸೋಮಾರಿಯಿರಬೇಕು, ಇಲ್ಲವೇ ಏನನ್ನೋ ಮುಚ್ಚಿಡುತ್ತಿರಬೇಕು ಎಂದುಕೊಂಡು ಅವನನ್ನು ಕಳುಹಿಸಿಬಿಟ್ಟ.

ಎರಡನೆಯವನು ಅಂಗೈ ಚಾಚಿ ಸುಟ್ಟ ಕಲೆ ತೋರಿಸಿದ. ಒಂದು ಎಣ್ಣೆ ಗಾಣಕ್ಕೆ ಬಿದ್ದ ಬೆಂಕಿಯನ್ನು ಆರಿಸಿದ್ದನ್ನು ಹೇಳಿದ. ಆಮೇಲೆ ಒಂದು ಬಣವೆಯ ಬೆಂಕಿ, ಮತ್ತೆ ಒಂದು ಮರದ ಅಡ್ಡೆಯ ಬೆಂಕಿ. ವ್ಯಾಪಾರಿ ಬೆರಗಾಗಿ ಕೇಳಿದ, ಅಂದೇ ಅವನನ್ನು ಇಟ್ಟುಕೊಂಡ.

ಕೆಲವು ತಿಂಗಳು ಏನೂ ಆಗಲಿಲ್ಲ. ವ್ಯಾಪಾರಿ ಬರುವಾಗ ಹೋಗುವಾಗ ಕಾವಲುಗಾರನ ಕಡೆ ನೋಡುವುದನ್ನೂ ಬಿಟ್ಟ. ಹೀಗಿರಲು ಒಂದು ಮಧ್ಯಾಹ್ನ ಹಿತ್ತಲ ಬಾಗಿಲ ಬಳಿ ಹೊಗೆ ಎದ್ದಿತು. ಜನ ಕೂಗಿಕೊಂಡು ಓಡುವಷ್ಟರಲ್ಲಿ ಕಾವಲುಗಾರ ಒದ್ದೆ ಕಂಬಳಿ ಹೊದಿಸಿ ಬೆಂಕಿಯನ್ನು ಅಡಗಿಸಿದ್ದ. ವ್ಯಾಪಾರಿ ಪೇಟೆಯ ಜನರೆದುರು ಅವನಿಗೆ ಶಾಲು ಹೊದಿಸಿದ. ಇಂಥವನನ್ನು ಆರಿಸಿದ್ದು ತಾನು ಎಂದು ಹೇಳಿಕೊಂಡ.

ಜನ ಹೋದ ಮೇಲೆ ವ್ಯಾಪಾರಿ ಆ ಕಂಬಳಿಯನ್ನು ಮುಟ್ಟಿ ನೋಡಿದ. ಅದು ದಪ್ಪನೆಯ ಕುರಿ ಉಣ್ಣೆಯ ಕಂಬಳಿ. ಅಂಥದ್ದು ನೀರು ಸುರಿದ ಕೂಡಲೇ ಹೀರಿಕೊಳ್ಳುವುದಿಲ್ಲ. ನೆನೆಯಲು ಹೊತ್ತು ಬೇಕು. ಈ ಕಂಬಳಿ ಒಳಗಿನ ಮಡಿಕೆಯವರೆಗೆ ನೆನೆದಿತ್ತು.

ವ್ಯಾಪಾರಿಗೆ ಅನುಮಾನ ಹುಟ್ಟಿತು. ಆದರೂ ಕೇಳಲಿಲ್ಲ. ಶಾಲು ಹೊದಿಸಿದ ಕೈಯಿಂದಲೇ ಬೆರಳು ತೋರಿಸುವುದು ಹೇಗೆ ಎಂದು ಹಿಂಜರಿದ. ಕಾವಲುಗಾರ ಎಲ್ಲಿ ನಿಲ್ಲುತ್ತಾನೆ, ಯಾವ ಮೂಲೆಗೆ ಹೋಗುತ್ತಾನೆ ಎಂದು ಕಳ್ಳಗಣ್ಣಿನಿಂದ ನೋಡುತ್ತಿದ್ದ. ಯಜಮಾನ ಮತ್ತೆ ತನ್ನ ಕಡೆ ನೋಡುತ್ತಿದ್ದಾನೆಂದು ಕಾವಲುಗಾರ ಸಂತೋಷಪಟ್ಟ.

ಬೇಸಿಗೆಯಲ್ಲಿ ಎರಡನೆಯ ಸಲ ಹೊಗೆ ಎದ್ದಿತು. ಆ ದಿನ ಗಾಳಿ ತಿರುಗಿತು. ಕಂಬಳಿ ಹೊದಿಸುವ ಮೊದಲೇ ಕಿಡಿ ಒಳಗಿನ ಹತ್ತಿಗೆ ತಗುಲಿತು. ಕಾವಲುಗಾರ ಹುಚ್ಚನಂತೆ ಒಳಗೆ ನುಗ್ಗಿದ. ಅವನ ಹಿಂದೆ ನುಗ್ಗಿದ ಒಬ್ಬ ಹಮಾಲಿಯ ಎರಡೂ ಕೈ ಬೆಂದವು. ಮಳಿಗೆ ಉಳಿಯಲಿಲ್ಲ. ಆ ಹಮಾಲಿ ಮತ್ತೆ ಮೂಟೆ ಎತ್ತಲಿಲ್ಲ.

ಬೂದಿಯ ಪಕ್ಕದಲ್ಲಿ ಕುಳಿತಿದ್ದ ಕಾವಲುಗಾರನ ಮುಂದೆ ವ್ಯಾಪಾರಿ ಬಂದು ನಿಂತ.

“ಹೊಗೆ ಕಂಡ ಮೇಲೆ ಕಂಬಳಿ ನೆನೆಸಿದೆಯೋ, ಕಂಬಳಿ ನೆನೆಸಿದ ಮೇಲೆ ಹೊಗೆ ಕಂಡಿತೋ?”

ಕಾವಲುಗಾರ ತಲೆ ಎತ್ತಲಿಲ್ಲ. “ಗಾಣದ ಬೆಂಕಿ ನಿಜ, ಧಣಿ. ಈ ಕಲೆ ಅದರದ್ದೇ. ಆಮೇಲೆ ಇನ್ನೊಂದು ಕಡೆ ವರ್ಷಗಟ್ಟಲೆ ಕಾದೆ, ಒಂದು ಕಡ್ಡಿಯೂ ಸುಡಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಹೋದಲ್ಲೆಲ್ಲ, ಗಾಣದ್ದು ಹಳೆಯದಾಯಿತು, ಈಚಿನದು ಏನಿದೆ ಎಂದರು. ನೀವೂ ಗೆದ್ದ ಕಷ್ಟವನ್ನೇ ಕೇಳಿದಿರಿ.”

ವ್ಯಾಪಾರಿ ಅವನನ್ನು ಹಿಡಿದು ಚಾವಡಿಗೆ ಒಪ್ಪಿಸಿದ. ಅಲ್ಲಿ ವಿಚಾರಿಸಿದವರು, ನಿಮಗೆ ಮೊದಲೇ ಅನುಮಾನ ಬರಲಿಲ್ಲವೇ ಎಂದು ಕೇಳಿದರು. ಬರಲಿಲ್ಲ ಎಂದು ವ್ಯಾಪಾರಿ ಹೇಳಿದ. ಬಾಗಿಲಲ್ಲಿ ಹಮಾಲಿಯ ಹೆಂಡತಿ ನಿಂತಿದ್ದಳು. ಅವಳ ಮುಖ ನೋಡಲಾರದೆ ಅವನು ಬೇರೆ ದಾರಿಯಿಂದ ಮನೆಗೆ ಹೋದ.

ಮಳಿಗೆಯನ್ನು ಮತ್ತೆ ಕಟ್ಟಿಸಿದ ಮೇಲೆ ಅವನು ಆ ಮೊದಲನೆಯವನನ್ನು ಹುಡುಕಿಕೊಂಡು ಹೋದ. ಆತ ಬೇರೊಬ್ಬರಲ್ಲಿ ಕೆಲಸಕ್ಕೆ ಸೇರಿದ್ದ, ಬರಲಾರೆನೆಂದು ಕೈಮುಗಿದ. ಆಮೇಲೆ ಕೆಲಸ ಕೇಳಿ ಬಂದವರು ಏನೇ ಹೇಳಲಿ, ವ್ಯಾಪಾರಿಗೆ ನಂಬಿಕೆ ಬರಲಿಲ್ಲ. ಕಷ್ಟ ಗೆದ್ದೆ ಎಂದವನನ್ನು ಕಂಡರೆ ಹೆದರಿಕೆ. ಕಷ್ಟವೇ ಬರಲಿಲ್ಲ ಎಂದವನು ಈ ಮಳಿಗೆ ಸುಟ್ಟ ವಿಷಯ ತಿಳಿದುಕೊಂಡೇ ಹಾಗೆ ಹೇಳುತ್ತಿದ್ದಾನೆಂಬ ಗುಮಾನಿ. ಕೊನೆಗೆ ತನ್ನ ಮಳಿಗೆಯ ಬಾಗಿಲಲ್ಲಿ ತಾನೇ ಕುಳಿತ.

ಗುರುಗಳು ಮಾತು ನಿಲ್ಲಿಸಿದರು.

ಹಾಗಾದರೆ ಕತೆ ಕಟ್ಟುವುದಿಲ್ಲ, ಮೂಟೆಗಳನ್ನು ದಿನದಿನವೂ ಹೇಗೆ ಕಾಪಾಡಿದೆನೋ ಅದನ್ನೇ ಹೇಳುತ್ತೇನೆ ಎಂದ ಚನ್ನವೀರ. ಆದರೂ ಅವನ ಮನಸ್ಸು ಒಪ್ಪಲಿಲ್ಲ.

“ಅಷ್ಟನ್ನೇ ಹೇಳಿದರೆ ಅವರು ಕೆಲಸ ಕೊಡದೆ ಹೋಗಬಹುದಲ್ಲ, ಗುರುಗಳೇ?”

“ಕೊಡದಿದ್ದರೆ, ಕತೆ ಕಟ್ಟಿದವನಿಗೆ ಕೊಡುತ್ತಾರೆ. ಆ ಮನೆಗೆ ಬೆಂಕಿ ಬೀಳುವ ದಿನ ನೀನು ಅಲ್ಲಿರುವುದಿಲ್ಲ,” ಎಂದರು ಗುರುಗಳು.